ಒಂಬತ್ತು ಫೋಟೊ, ಎರಡು ಅಕೌಂಟ್

ಓದುಗರ ಪತ್ರ:

"ನಾನು ಪದವಿ ಎರಡನೇ ವರ್ಷದ ವಿದ್ಯಾರ್ಥಿನಿ. ಇನ್‌ಸ್ಟಾಗ್ರಾಮ್‌ನಲ್ಲಿ ನನಗೆ ಎರಡು ಅಕೌಂಟ್ ಇವೆ. ಎಲ್ಲರಿಗೂ ಕಾಣುವುದರಲ್ಲಿ ಇರುವುದು ಒಂಬತ್ತೇ ಫೋಟೊ. ಅದರಲ್ಲೂ ನಾಲ್ಕರಲ್ಲಿ ನನ್ನ ಮುಖವೇ ಇಲ್ಲ. ಮಿಕ್ಕ ಅರವತ್ತನ್ನು ಅಳಿಸದೆ, ಬೇರೆಯವರಿಗೆ ಕಾಣದ ಹಾಗೆ ಆರ್ಕೈವ್ ಮಾಡಿದ್ದೇನೆ. ಇನ್ನೊಂದು ಅಕೌಂಟ್ ಹದಿನಾಲ್ಕು ಜನರಿಗೆ ಮಾತ್ರ. ಅಳು, ಬೈಗುಳ, ಹುಚ್ಚಾಟ ಎಲ್ಲ ಅಲ್ಲಿ. ಮೊನ್ನೆ ಗೆಳತಿಯೊಬ್ಬಳಿಗೆ ಈ ಎರಡನೇ ಅಕೌಂಟ್ ವಿಷಯ ಗೊತ್ತಾಗಿ ಜಗಳವಾಯಿತು. 'ನೀನು ಫೇಕ್' ಅಂದಳು. ಈಗ ಒಂದು ಫೋಟೊ ಹಾಕಲು ನನಗೆ 40 ನಿಮಿಷ ಬೇಕು. ಹಾಕಿದ ಮೇಲೆ ಲೈಕ್ ಬರುವವರೆಗೆ ಪುಸ್ತಕ ತೆರೆಯಲು ಆಗುವುದಿಲ್ಲ. ನಾನು ನಿಜಕ್ಕೂ ಫೇಕಾ? ಅಕೌಂಟ್ ಡಿಲೀಟ್ ಮಾಡಿಬಿಡಲಾ? ದಯವಿಟ್ಟು ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ನಿಮ್ಮ ಪತ್ರದ ಎರಡನೇ ಪುಟದಲ್ಲಿ ಮೂರು ಸಾಲು ಹೊಡೆದು ಹಾಕಿದ್ದೀರಿ. ಸುಮ್ನೆ ಗೀಟು ಎಳೆದಿಲ್ಲ, ಕಾಗದ ಹರಿಯುವ ಹಾಗೆ ಗೀಚಿದ್ದೀರಿ. ತಪ್ಪು ಒಪ್ಪಿಕೊಳ್ಳುತ್ತೇನೆ, ಕಿಟಕಿಯ ಬೆಳಕಿಗೆ ಹಿಡಿದು ಓದಲು ನೋಡಿದೆ. ಒಂದು ಅಕ್ಷರವೂ ಸಿಗಲಿಲ್ಲ.

ಆ ಮೂರು ಸಾಲು ಹೊಡೆದಿದ್ದಕ್ಕೆ ನಿಮ್ಮ ಪತ್ರ ಸುಳ್ಳಾಯಿತಾ? ನೀವು ಬರೆದ ಎರಡು ಪುಟವನ್ನು ನಾನು ಹತ್ತು ಸಾಲಿಗೆ ಇಳಿಸಿ ಮೇಲೆ ಅಚ್ಚು ಹಾಕಿದ್ದೇನೆ, ಅದು ಸುಳ್ಳಾ? ಯಾವುದು ಇರಲಿ, ಯಾವುದು ಬೇಡ ಎಂದು ಆರಿಸುವುದೇ ನನ್ನ ಕಸುಬು. ಹಾಗಿರುವಾಗ ಒಂಬತ್ತು ತೋರಿಸಿ ಅರವತ್ತು ಮುಚ್ಚಿಟ್ಟವರನ್ನು ಫೇಕ್ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್‌ಸ್ಟಾಗ್ರಾಮ್ ಹುಟ್ಟುವುದಕ್ಕೆ ಅರವತ್ತು ವರ್ಷ ಮೊದಲು ಅರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞರು ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಅಲ್ಲಿನ ಹೋಟೆಲಿನವರು ಅಡುಗೆಮನೆಯಲ್ಲಿ ಒಂದು ಥರ, ಊಟದ ಹಾಲ್‌ನಲ್ಲಿ ಗಿರಾಕಿಗಳ ಮುಂದೆ ಇನ್ನೊಂದು ಥರ ಇರುವುದನ್ನು ಗಮನಿಸಿದರು. ಮನುಷ್ಯರ ದಿನನಿತ್ಯದ ನಡವಳಿಕೆಗೂ ನಾಟಕದ ಹಾಗೆ ಒಂದು ರಂಗ, ಒಂದು ನೇಪಥ್ಯ ಇರುತ್ತದೆ ಎಂದು ಅವರು ಬರೆದರು. ನನಗೆ ಅವರಲ್ಲಿ ಇಷ್ಟವಾಗುವುದು ಏನೆಂದರೆ, ಅಡುಗೆಮನೆಯಲ್ಲಿರುವವನು ನಿಜ, ಹಾಲ್‌ನಲ್ಲಿರುವವನು ಸುಳ್ಳು ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಎರಡೂ ಅದೇ ಮನುಷ್ಯ. ನಡುವೆ ಒಂದು ಬಾಗಿಲು ಇದೆ, ಅಷ್ಟೆ.

ನಿಮ್ಮ ತೊಂದರೆ ಆ ಬಾಗಿಲಿನದು.

ಅಮ್ಮನ ಹತ್ತಿರ ಮಾತಾಡುವ ದನಿಯಲ್ಲಿ ನೀವು ಕ್ಲಾಸ್‌ಮೇಟ್ ಹತ್ತಿರ ಮಾತಾಡುವುದಿಲ್ಲ. ಲೆಕ್ಚರರ್ ಎದುರಾದಾಗ ನಿಲ್ಲುವ ರೀತಿಯೇ ಬೇರೆ. ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಅಕೌಂಟ್‌ನಲ್ಲಿ ಇವರೆಲ್ಲ ಒಂದೇ ಹಾಲ್‌ನಲ್ಲಿ ಕೂತಿದ್ದಾರೆ. ಚಿಕ್ಕಪ್ಪ ಇದ್ದಾರೆ. ಹೈಸ್ಕೂಲಿನಲ್ಲಿ ಮಾತು ಬಿಟ್ಟವಳು ಇದ್ದಾಳೆ. ಸೀನಿಯರ್, ಲೆಕ್ಚರರ್, ಮುಂದೆ ಎಂದೋ ಕೆಲಸ ಕೊಡಬಹುದಾದವರು, ಎಲ್ಲರೂ. ಡೇನಾ ಬಾಯ್ಡ್, ಆಲಿಸ್ ಮಾರ್ವಿಕ್ ಎಂಬ ಸಂಶೋಧಕಿಯರು ಇದನ್ನು ಸಂದರ್ಭಗಳ ಕುಸಿತ ಎನ್ನುತ್ತಾರೆ. ಮಧ್ಯದ ಗೋಡೆಗಳೆಲ್ಲ ಬಿದ್ದುಹೋಗಿವೆ ಎಂದು ಅರ್ಥ. ಇಷ್ಟೂ ಜನರಿಗೆ ಒಪ್ಪಿಗೆಯಾಗುವ ಫೋಟೊ ಹುಡುಕುತ್ತಾ ಹೋದರೆ ಕೊನೆಗೆ ಏನು ಉಳಿಯುತ್ತದೆ? ಆಕಾಶ, ನೆರಳು, ಬೆನ್ನು. ನಿಮ್ಮ ಒಂಬತ್ತರಲ್ಲಿ ನಾಲ್ಕು ಮುಖವಿಲ್ಲದ ಫೋಟೊ ಯಾಕೆ ಎಂದು ಈಗ ನನಗೆ ಗೊತ್ತಾಗುತ್ತಿದೆ.

ಇದು ನಿಮ್ಮೊಬ್ಬರ ಕಾಯಿಲೆಯೂ ಅಲ್ಲ. ಫೇಸ್‌ಬುಕ್ 2004ರಲ್ಲಿ ಹಾರ್ವರ್ಡ್‌ನ ಹಾಸ್ಟೆಲ್ ಕೋಣೆಯಿಂದ ಶುರುವಾದಾಗ ಕಾಲೇಜಿನ ಇಮೇಲ್ ಇಲ್ಲದವರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ನೋಡುವವರೂ ವಿದ್ಯಾರ್ಥಿಗಳೇ. 2006ರ ಸೆಪ್ಟೆಂಬರಿನಲ್ಲಿ 13 ವರ್ಷ ದಾಟಿದ ಎಲ್ಲರಿಗೂ ಬಾಗಿಲು ತೆರೆಯಿತು. ಅಪ್ಪ ಅಮ್ಮ ಒಳಗೆ ಬಂದರು, ಹುಡುಗರು ಮೆಲ್ಲಗೆ ಹೊರಗೆ ಜಾರತೊಡಗಿದರು. ಕಳಿಸಿದ ಫೋಟೊ ನೋಡಿದ ಮೇಲೆ ಮಾಯವಾಗುವ ಸ್ನ್ಯಾಪ್‌ಚಾಟ್ 2011ರಲ್ಲಿ ಬಂತು. 2016ರಲ್ಲಿ ಇನ್‌ಸ್ಟಾಗ್ರಾಮ್‌ಗೆ 24 ಗಂಟೆಯಲ್ಲಿ ಮಾಯವಾಗುವ ಸ್ಟೋರಿ ಬಂತು, 2018ರಲ್ಲಿ ಆ ಸ್ಟೋರಿಯನ್ನು ಆರಿಸಿದ ಕೆಲವರಿಗೆ ಮಾತ್ರ ತೋರಿಸುವ ಕ್ಲೋಸ್ ಫ್ರೆಂಡ್ಸ್‌ನ ಹಸಿರು ಉಂಗುರ. ನನ್ನ ಪ್ರಕಾರ ಇವೆಲ್ಲ ಬಿದ್ದ ಗೋಡೆಯನ್ನು ಮತ್ತೆ ಎಬ್ಬಿಸುವ ಪ್ರಯತ್ನಗಳೇ. ನಿಮ್ಮ ಹದಿನಾಲ್ಕು ಜನರ ಅಕೌಂಟ್ ಕೂಡ ಅಂಥದ್ದೇ ಒಂದು ಗೋಡೆ.

ಇದ್ದ ಹಾಗೆ ಇರಿ ಎಂದು ಒತ್ತಾಯ ಮಾಡಿದರೂ ಜನ ಇರುವುದಿಲ್ಲ. 2020ರಲ್ಲಿ ಬೀರಿಯಲ್ ಎಂಬ ಆ್ಯಪ್ ಬಂತು. ದಿನಕ್ಕೊಂದು ಸಲ, ಯಾವಾಗ ಎಂದು ಹೇಳದೆ, ಫೋನ್ ಗಂಟೆ ಹೊಡೆಯುತ್ತದೆ. 2 ನಿಮಿಷದೊಳಗೆ ಹಿಂದಿನ ಮತ್ತು ಮುಂದಿನ ಎರಡೂ ಕ್ಯಾಮೆರಾದಲ್ಲಿ ಫೋಟೊ ತೆಗೆದು ಹಾಕಬೇಕು. ತಡವಾಗಿ ಹಾಕುವುದಕ್ಕೂ ಅವಕಾಶವಿತ್ತು. ಅದು ಸಾಕಾಯಿತು. ಗಂಟೆ ಹೊಡೆದಾಗ ಸುಮ್ಮನಿದ್ದು, ತಲೆ ಬಾಚಿಕೊಂಡು, ಚೆಂದದ ಜಾಗಕ್ಕೆ ಹೋದ ಮೇಲೆ ಫೋಟೊ ಹಾಕುವವರು ಹುಟ್ಟಿಕೊಂಡರು.

ಇನ್ನು ಆ 40 ನಿಮಿಷ. ಸ್ವಲ್ಪ ಹೊತ್ತು ಅದರ ಹತ್ತಿರವೇ ಕೂರೋಣ.

ನೀವು ಹುಟ್ಟಿದಾಗಿನಿಂದ ನೋಡಿಕೊಂಡಿರುವ ನಿಮ್ಮ ಮುಖ ಕನ್ನಡಿಯದು. ಎಡ ಬಲ ಅದಲು ಬದಲಾದ ಮುಖ. ನಿಮ್ಮ ಗೆಳತಿಯರು ನೋಡುವುದು ಅದನ್ನಲ್ಲ. 1977ರಲ್ಲಿ ಅಮೆರಿಕದಲ್ಲಿ ಕಾಲೇಜು ಹುಡುಗಿಯರ ಮೇಲೆ ಒಂದು ಪ್ರಯೋಗ ನಡೆಯಿತು. ಪ್ರತಿಯೊಬ್ಬಳ ಫೋಟೊವನ್ನು ಎರಡು ಥರ ಅಚ್ಚು ಹಾಕಿದರು, ಒಂದು ಇದ್ದ ಹಾಗೆ, ಒಂದು ಕನ್ನಡಿಯ ಹಾಗೆ ತಿರುಗಿಸಿ. ಹುಡುಗಿಯರು ಜಾಸ್ತಿ ಮೆಚ್ಚಿದ್ದು ಕನ್ನಡಿಯ ಹಾಗಿದ್ದದ್ದನ್ನು. ಅವರ ಸ್ನೇಹಿತರು ಜಾಸ್ತಿ ಮೆಚ್ಚಿದ್ದು ಇದ್ದ ಹಾಗಿದ್ದದ್ದನ್ನು. ಯಾವ ಮುಖ ರೂಢಿಯೋ ಅದೇ ಚೆಂದ! "ಅಯ್ಯೋ, ಇದರಲ್ಲಿ ನಾನು ನನ್ನ ಥರ ಇಲ್ಲ" ಎಂದು ನೀವು ಅಳಿಸಿದ ಫೋಟೊದಲ್ಲಿ ಇದ್ದದ್ದು ನಿಮ್ಮ ಗೆಳತಿಯರಿಗೆ ದಿನಾ ಕಾಣುವ ನೀವೇ.

ಮೂಗಿನ ಕಥೆಯೂ ಹಾಗೆಯೇ. ಸೆಲ್ಫಿಯಲ್ಲಿ ಕ್ಯಾಮೆರಾ ಮುಖಕ್ಕೆ ತೀರಾ ಹತ್ತಿರ ಇರುತ್ತದೆ. ಅದಕ್ಕೆ ಕಿವಿಗಿಂತ ಮೂಗು ಹತ್ತಿರ. 2018ರಲ್ಲಿ ವೈದ್ಯರೊಬ್ಬರ ತಂಡ ಇದನ್ನು ಲೆಕ್ಕ ಹಾಕಿ ತೋರಿಸಿತು. 12 ಇಂಚು ದೂರದಿಂದ ತೆಗೆದ ಫೋಟೊದಲ್ಲಿ ಮೂಗು, 5 ಅಡಿ ದೂರದಿಂದ ತೆಗೆದದ್ದಕ್ಕಿಂತ ಸುಮಾರು 30 ಶೇಕಡಾ ಅಗಲವಾಗಿ ಕಾಣುತ್ತದೆ. ನಿಮ್ಮ 40 ನಿಮಿಷದಲ್ಲಿ ಅರ್ಧದಷ್ಟು ಲೆನ್ಸ್ ಜೊತೆ ಜಗಳಕ್ಕೇ ಹೋಗಿರಬಹುದು. ಆ ಜಗಳದಲ್ಲಿ ನಿಮ್ಮ ಮೂಗಿನ ತಪ್ಪೇನೂ ಇಲ್ಲ.

ಉಳಿದ ಅರ್ಧ ನೋಡುವವರ ಭಯ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಮುಜುಗರವಾಗುವಂಥ ಚಿತ್ರವಿರುವ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಯೊಬ್ಬನನ್ನು ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಎಷ್ಟು ಜನ ಆ ಚಿತ್ರ ಗಮನಿಸಿರಬಹುದು ಎಂದು ಆಮೇಲೆ ಕೇಳಿದರು. ಹೀಗೆ ಹೋಗಿ ಬಂದವರ ಅಂದಾಜು ಹೆಚ್ಚುಕಡಿಮೆ ಅರ್ಧದಷ್ಟು ಜನ. ನಿಜಕ್ಕೂ ಗಮನಿಸಿದವರು ಕಾಲು ಭಾಗದಷ್ಟೂ ಇರಲಿಲ್ಲ.

ಹಾಗಂತ ಯಾರೂ ನೋಡುವುದಿಲ್ಲ ಬಿಡಿ ಎಂದು ನಾನು ಹೇಳುವುದಿಲ್ಲ. ನೋಡುವವರು ಇದ್ದಾರೆ. ಹುಡುಗ ದಿನಕ್ಕೆ ಹತ್ತು ಫೋಟೊ ಹಾಕಿದರೆ ಅವನಿಗೆ ಏನೋ ಹುರುಪು, ಹುಡುಗಿ ಮೂರು ಹಾಕಿದರೆ ಅವಳಿಗೆ ಶೋಕಿ. ಆದ್ದರಿಂದ ನಿಮ್ಮ ಎಚ್ಚರಿಕೆಯಲ್ಲಿ ಸ್ವಲ್ಪ ಪಾಲು ವಿವೇಕವೇ. ಅದನ್ನು ಇಟ್ಟುಕೊಳ್ಳಿ. ಆ ಇನ್ನೊಂದು ಅಕೌಂಟ್‌ನಲ್ಲಿ ಬೈಯುವಾಗ ಅದು ಇನ್ನೂ ಜಾಸ್ತಿ ಬೇಕು. ಹದಿನಾಲ್ಕು ಜನ ಅಂದರೆ ಹದಿನಾಲ್ಕು ಫೋನ್, ಹದಿನಾಲ್ಕು ಸ್ಕ್ರೀನ್‌ಶಾಟ್.

ಲೈಕ್ ವಿಷಯ ಬೇಗ ಮುಗಿಸುತ್ತೇನೆ. ಲೆಕ್ಕ ಬೇರೆಯವರಿಗೆ ಕಾಣದ ಹಾಗೆ ಮುಚ್ಚಿಡುವ ಅವಕಾಶವನ್ನು ಇನ್‌ಸ್ಟಾಗ್ರಾಮ್ 2021ರಲ್ಲೇ ಕೊಟ್ಟಿದೆ. ಆದರೆ ನಿಮ್ಮ ಲೆಕ್ಕ ನಿಮಗೆ ಕಾಣುತ್ತಲೇ ಇರುತ್ತದೆ, ಅಲ್ವಾ? ಫೋಟೊ ಹಾಕಿ ಸ್ನಾನಕ್ಕೆ ಹೋಗಿ. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಹೊಳೆದಿಲ್ಲ. ಡಿಲೀಟ್ ಮಾಡುವ ಅಗತ್ಯವೂ ನನಗೆ ಕಾಣುತ್ತಿಲ್ಲ. ಇಷ್ಟು ದಿನ ಇದ್ದವರು ಒಮ್ಮೆಲೇ ಮಾಯವಾದರೆ "ಏನಾಯ್ತು ಇವಳಿಗೆ" ಎಂಬ ಪ್ರಶ್ನೆ ಕ್ಲಾಸ್ ತುಂಬಾ ಓಡಾಡುತ್ತದೆ.

ಈಗ ಗೆಳತಿಯ ಮಾತಿಗೆ ಬರುತ್ತೇನೆ. ನಿಮ್ಮ ಪತ್ರವನ್ನು ಎರಡನೇ ಸಲ ಓದುವಾಗ ಒಂದು ಸಾಲಿನ ಹತ್ತಿರ ನಿಂತೆ. ಅವಳಿಗೆ ಎರಡನೇ ಅಕೌಂಟ್ ವಿಷಯ "ಗೊತ್ತಾಗಿ" ಜಗಳವಾಯಿತು ಎಂದಿದ್ದೀರಿ. ಅಂದರೆ ಅವಳು ಆ ಹದಿನಾಲ್ಕರಲ್ಲಿ ಇಲ್ಲ. ಬೇರೆ ಯಾರಿಂದಲೋ ತಿಳಿದಿರಬೇಕು. ಅಷ್ಟು ದಿನ ತಾನು ಅಡುಗೆಮನೆಯಲ್ಲಿ ನಿಮ್ಮ ಪಕ್ಕ ನಿಂತಿದ್ದೇನೆ ಅಂದುಕೊಂಡಿದ್ದವಳಿಗೆ, ತನ್ನನ್ನು ಕೂರಿಸಿದ್ದು ಹಾಲ್‌ನಲ್ಲಿ, ಚಿಕ್ಕಪ್ಪನ ಪಕ್ಕದ ಕುರ್ಚಿಯಲ್ಲಿ ಎಂದು ಗೊತ್ತಾಗಿದೆ. ಆ ನೋವಿಗೆ ಅವಳಿಗೆ ಕೈಗೆ ಸಿಕ್ಕ ಪದ ಫೇಕ್. ನಿಮ್ಮ ಫಿಲ್ಟರ್ ಬಗ್ಗೆಯೋ ಆರ್ಕೈವ್ ಬಗ್ಗೆಯೋ ಅವಳಿಗೆ ತಲೆಬಿಸಿ ಇದ್ದಂತೆ ನನಗೆ ಕಾಣುವುದಿಲ್ಲ. "ನನ್ನನ್ನು ಯಾಕೆ ಸೇರಿಸಲಿಲ್ಲ" ಎಂದು ಕೇಳಲು ಅಭಿಮಾನ ಅಡ್ಡ ಬಂದಿದೆ.

ನನ್ನ ಊಹೆ ತಪ್ಪೂ ಇರಬಹುದು. ಸರಿ ಇದ್ದರೆ, ಅವಳನ್ನು ಹದಿನೈದನೆಯವಳಾಗಿ ಸೇರಿಸಿ ರಿಕ್ವೆಸ್ಟ್ ಕಳಿಸಬೇಡಿ. ಅದು ಪಟ್ಟಿಯಲ್ಲಿ ಒಂದು ಹೆಸರಾಗುತ್ತದೆ, ಅಷ್ಟೆ. ಕ್ಲಾಸ್ ಮುಗಿದ ಮೇಲೆ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಆ ಗೀಚಿ ಹಾಕಿದ ಮೂರು ಸಾಲು ಏನಿತ್ತೋ, ಅದನ್ನು ಅವಳಿಗೆ ಹೇಳಲು ಆಗುತ್ತದಾ ನೋಡಿ. ನನಗೆ ಹೇಳಲಿಲ್ಲ ಎಂದು ನನಗೆ ಬೇಜಾರಿಲ್ಲ.

ಕೊನೆಗೆ ನನ್ನದೂ ಒಂದು ಆರ್ಕೈವ್ ಇದೆ. ಈ ಪುಟದ ಮೇಲೆ ನನ್ನ ಫೋಟೊ ನೋಡಿದ್ದೀರಲ್ಲ, ಅದು 14 ವರ್ಷ ಹಿಂದಿನದು. ತಲೆ ತುಂಬಾ ಕಪ್ಪು ಕೂದಲು. ಕಳೆದ ತಿಂಗಳು ಓದುಗರೊಬ್ಬರು ಕಚೇರಿಗೆ ಬಂದು, ನನ್ನ ಎದುರಿಗೇ ನಿಂತು, "ಸಂಪಾದಕರು ಇದ್ದಾರಾ?" ಎಂದು ನನ್ನನ್ನೇ ಕೇಳಿದರು. ನಾನೇ ಎಂದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಕೈಯಲ್ಲಿದ್ದ ಪತ್ರಿಕೆಯನ್ನು ನೋಡಿ, "ಪರವಾಗಿಲ್ಲ, ಇನ್ನೊಮ್ಮೆ ಬರ್ತೀನಿ" ಎಂದು ಹೊರಟೇಬಿಟ್ಟರು.

ಮುಂದಿನ ಸಂಚಿಕೆಗೆ ಹೊಸ ಫೋಟೊ ಹಾಕೋಣ ಎಂದು ತೀರ್ಮಾನವಾಗಿದೆ. ಗುರುವಾರ ಫೋಟೊಗ್ರಾಫರ್ ಬರುತ್ತಾರೆ. ಇದ್ದ ಹಾಗೆ ತೆಗೆಯಿರಿ ಎಂದು ಹೇಳಿದ್ದೇನೆ. ಶರ್ಟ್ ಮಾತ್ರ ಇಸ್ತ್ರಿ ಮಾಡಿಸಿ ಇಟ್ಟಿದ್ದೇನೆ, ಎರಡು.