ಸೋಯಾ ಕೈಮಾ ಉಂಡೆ ಸಾರು: ಉಂಡೆ ಒಡೆಯುವುದೇಕೆ?

ಪ್ರಶ್ನೆ: ಮಟನ್ ಬದಲು ಸೋಯಾದಲ್ಲಿ ಕೈಮಾ ಉಂಡೆ ಸಾರು ಮಾಡಿದೆ. ಖರ್ಚೇನೋ ಕಡಿಮೆ, ಆದರೆ ಉಂಡೆಗಳೆಲ್ಲ ಸಾರಿನಲ್ಲೇ ಬಿಚ್ಚಿಕೊಂಡವು. ಸೋಯಾ ವಾಸನೆಯೂ ಹೋಗಲಿಲ್ಲ. ಏನು ಮಾಡಲಿ?

ಉತ್ತರ: ಎರಡಕ್ಕೂ ಕಾರಣ ಸೋಯಾದಲ್ಲಿ ಉಳಿದ ನೀರು. 100 ಗ್ರಾಂ ಸಣ್ಣ ಸೋಯಾ ಹರಳನ್ನು (ಗ್ರ್ಯಾನ್ಯೂಲ್ಸ್) ಉಪ್ಪು ಹಾಕಿದ ಕುದಿನೀರಲ್ಲಿ 10 ನಿಮಿಷ ನೆನೆಸಿ. ತಣ್ಣೀರಲ್ಲಿ ಎರಡು ಸಲ ತೊಳೆದು, ಬಟ್ಟೆಯಲ್ಲಿ ಕಟ್ಟಿ ಗಟ್ಟಿಯಾಗಿ ಹಿಂಡಿ. ಕೈಯಲ್ಲಿ ಹಿಂಡಿದರೆ ಸಾಲದು. ಮಾಂಸದಂತೆ ಸೋಯಾ ತಾನಾಗಿ ಅಂಟಿಕೊಳ್ಳುವುದಿಲ್ಲ, ಹಾಗಾಗಿ ಹುರಿಗಡಲೆ ಪುಡಿ ಹೆಚ್ಚು ಬೇಕು: 5 ದೊಡ್ಡ ಚಮಚ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಕೊತ್ತಂಬರಿ, ಚೂರು ಚಕ್ಕೆ, 2 ಲವಂಗ, 2 ಚಮಚ ಕಾಯಿತುರಿಯನ್ನು ನೀರು ಸೋಕಿಸದೆ ರುಬ್ಬಿ, ಹಿಂಡಿದ ಸೋಯಾ, ಹುರಿಗಡಲೆ ಪುಡಿ, ಉಪ್ಪು ಸೇರಿಸಿ ಕಲೆಸಿ. ಹಸಿ ಈರುಳ್ಳಿ ನೀರು ಬಿಡುತ್ತದೆ, ಅದನ್ನು ಬಾಡಿಸಿಯೇ ಹಾಕಿ. ನಿಂಬೆ ಗಾತ್ರದ ಉಂಡೆ ಕಟ್ಟಿ ಮೊದಲು 8 ನಿಮಿಷ ಹಬೆಯಲ್ಲಿ ಬೇಯಿಸಿ. ಈ ಹೆಜ್ಜೆ ಬಿಡಲೇಬೇಡಿ.

ಸಾರು ಚೆನ್ನಾಗಿ ಕುದಿದ ಮೇಲೆ ಉರಿ ತಗ್ಗಿಸಿ ಉಂಡೆ ಬಿಡಿ. 5 ನಿಮಿಷ ಸೌಟು ಆಡಿಸದೆ, ಪಾತ್ರೆಯನ್ನೇ ಮೆಲ್ಲಗೆ ಅಲುಗಿಸಿ. ಉಂಡೆ ಸಾರನ್ನು ಹೀರುವುದರಿಂದ ಸಾರು ಸ್ವಲ್ಪ ತೆಳ್ಳಗೇ ಇರಲಿ. ಬಿಸಿ ಮುದ್ದೆಗೆ ಬಹಳ ಚೆಂದ.