ಮನೆ ಅಡವಿಟ್ಟು ಮಗಳನ್ನು ಪೈಲಟ್ ಮಾಡಬಹುದೇ?

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ. ಪೈಲಟ್ ಆಗಲೇಬೇಕೆಂದು ಹಟ ಹಿಡಿದಿದ್ದಾಳೆ. ತರಬೇತಿಗೆ ಮನೆ ಅಡವಿಟ್ಟು ಸಾಲ ಮಾಡಬೇಕು. ಕೋವಿಡ್ ಕಾಲದಲ್ಲಿ ಎಷ್ಟೋ ಪೈಲಟ್‌ಗಳು ಕೆಲಸ ಕಳೆದುಕೊಂಡರು. ಇನ್ನು ಮುಂದೆ ವಿಮಾನಗಳು ತಾವಾಗಿಯೇ ಹಾರುತ್ತವೆ ಎಂದೂ ಹೇಳುತ್ತಾರೆ. ಇಷ್ಟು ದುಡ್ಡು ಹಾಕುವುದು ಸರಿಯೇ?

ಉತ್ತರ: ಅಮ್ಮಾ, ವೃತ್ತಿ ಈಗಲೂ ಒಳ್ಳೆಯದೇ. ನನಗೆ ಆತಂಕ ಇರುವುದು ಮನೆ ಅಡವಿಡುವ ಮಾತಿನ ಬಗ್ಗೆ.

ಯಾವ ಫ್ಲೈಯಿಂಗ್ ಸ್ಕೂಲಿಗೂ ಮುಂಗಡ ಕಟ್ಟುವ ಮುನ್ನ ಮಗಳಿಗೆ ಕ್ಲಾಸ್ 1 ಮೆಡಿಕಲ್, ಅಂದರೆ ಕಮರ್ಷಿಯಲ್ ಪೈಲಟ್‌ಗೆ ಬೇಕಾದ ವೈದ್ಯಕೀಯ ಪರೀಕ್ಷೆ, ಮಾಡಿಸಿ. ಕಣ್ಣು, ಕಿವಿ, ಹೃದಯ ಎಲ್ಲವನ್ನೂ ನೋಡುತ್ತಾರೆ. ಕನ್ನಡಕ ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಬಣ್ಣ ಗುರುತಿಸುವಲ್ಲಿ ದೋಷವಿದ್ದರೆ ದಾರಿ ಅಲ್ಲೇ ಮುಚ್ಚಬಹುದು. ಅರ್ಧ ತರಬೇತಿ ಮುಗಿದ ಮೇಲೆ ಇದು ಗೊತ್ತಾಗುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ಒಮ್ಮೆ ಪಾಸಾದರೆ ಮುಗಿಯಿತು ಅಂತಲೂ ಅಲ್ಲ. ವರ್ಷಕ್ಕೊಮ್ಮೆ, 60 ದಾಟಿದ ಮೇಲೆ ಆರು ತಿಂಗಳಿಗೊಮ್ಮೆ, ಇದೇ ಪರೀಕ್ಷೆ. ಫೇಲಾದರೆ ಹಾರಾಟ ನಿಂತಂತೆ.

ಇನ್ನು ತಾನಾಗಿಯೇ ಹಾರುವ ವಿಮಾನದ ಮಾತು. ಈ ಭಯ ಬುಡವಿಲ್ಲದ್ದಲ್ಲ. 1980ರ ದಶಕದ ಆರಂಭದಲ್ಲಿ ಬೋಯಿಂಗ್ 757, 767 ಬಂದಾಗ ಕಾಕ್‌ಪಿಟ್‌ನಲ್ಲಿ ಇಬ್ಬರು ಪೈಲಟ್‌ಗಳ ಜೊತೆ ಎಂಜಿನ್ ಮುಂತಾದವನ್ನು ನೋಡಿಕೊಳ್ಳುತ್ತಿದ್ದ ಫ್ಲೈಟ್ ಎಂಜಿನಿಯರ್‌ಗೆ ಕೆಲಸವೇ ಇಲ್ಲವಾಯಿತು. ಆದರೆ ಮೂವರಿಂದ ಇಬ್ಬರಿಗೆ ಇಳಿದಷ್ಟು ಸಲೀಸಾಗಿ ಇಬ್ಬರಿಂದ ಒಬ್ಬರಿಗೆ ಇಳಿಯಲಾಗದು. 2010ರಲ್ಲಿ ಸಿಂಗಪುರದಿಂದ ಹೊರಟ ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ ಎ380 ವಿಮಾನದ ಎಂಜಿನ್ ಒಂದು ಆಕಾಶದಲ್ಲೇ ಸಿಡಿಯಿತು. ಚೂರುಗಳು ರೆಕ್ಕೆ ಸೀಳಿದವು, ಪರದೆಯ ಮೇಲೆ ಒಂದರ ಹಿಂದೊಂದು ಎಚ್ಚರಿಕೆ. ಅಂದು ಕಾಕ್‌ಪಿಟ್‌ನಲ್ಲಿ ಐವರು ಪೈಲಟ್‌ಗಳಿದ್ದರು. ಆ ಎಚ್ಚರಿಕೆಗಳನ್ನೆಲ್ಲ ಪರಿಶೀಲಿಸಿ ಮುಗಿಸಲು ಅವರಿಗೇ ಸುಮಾರು 50 ನಿಮಿಷ ಹಿಡಿಯಿತು. 469 ಜನರೂ ಬದುಕಿದರು. ಇಬ್ಬರ ಕೆಲಸವನ್ನು ಒಬ್ಬರಿಗೆ ವಹಿಸಿದರೂ ಇಷ್ಟೇ ಸುರಕ್ಷಿತ ಎಂದು ತೋರಿಸಲು ಸದ್ಯಕ್ಕೆ ಸಾಧ್ಯವಿಲ್ಲ ಎಂದು ಯುರೋಪಿನ ವಾಯುಯಾನ ಸುರಕ್ಷತಾ ಸಂಸ್ಥೆಯೇ 2025ರಲ್ಲಿ ಹೇಳಿದೆ. ಯಂತ್ರಕ್ಕೆ ಹೆದರಿ ನಿಮ್ಮ ಮಗಳು ಈ ಆಸೆ ಬಿಡಬೇಕಿಲ್ಲ.

ಹೆದರಬೇಕಾದದ್ದು ಲೈಸೆನ್ಸ್ ಸಿಕ್ಕ ಮೇಲಿನ ದಿನಗಳಿಗೆ. ಅಂತರರಾಷ್ಟ್ರೀಯ ನಿಯಮದಂತೆ ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಸಾಕು. ಮಾನ್ಯತೆ ಪಡೆದ ಕೋರ್ಸಿನಲ್ಲಿ 150. ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸಿಗೆ 1500. ಅಮೆರಿಕದಲ್ಲಂತೂ 2009ರ ಬಫಲೋ ವಿಮಾನ ದುರಂತದ ನಂತರ, ಕೆಲವು ವಿನಾಯಿತಿ ಬಿಟ್ಟರೆ, ಏರ್‌ಲೈನ್‌ನಲ್ಲಿ ಕೋ-ಪೈಲಟ್ ಆಗುವುದಕ್ಕೂ 1500 ಗಂಟೆ ಬೇಕು. ಬೇರೆಡೆ 200 ಗಂಟೆಯವರನ್ನು ತೆಗೆದುಕೊಳ್ಳುತ್ತಾರೆ, ಆದರೆ ಎ320ನಂಥ ನಿರ್ದಿಷ್ಟ ವಿಮಾನದ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನು ಹಾರಿಸುವ ಪ್ರತ್ಯೇಕ ಅರ್ಹತೆ, ಬೇಕು. ಅನೇಕ ಕಡೆ ಅದರ ಖರ್ಚೂ ಅಭ್ಯರ್ಥಿಯದೇ. ಶಾಲೆಗಳು ಹೇಳುವ ಶುಲ್ಕದಲ್ಲಿ ಇದು ಸೇರಿದೆಯೇ ಎಂದು ಕೇಳಿ. ಎಷ್ಟೋ ಸಲ ಸೇರಿರುವುದಿಲ್ಲ.

ಈ ಉದ್ಯಮದಲ್ಲಿ ನೇಮಕಾತಿ ಒಮ್ಮೆ ಉಕ್ಕುತ್ತದೆ, ಒಮ್ಮೆ ಪೂರ್ತಿ ಬತ್ತುತ್ತದೆ. 2001, 2008, 2020 ಮೂರರಲ್ಲೂ ಹಾಗೇ ಆಯಿತು. ತರಬೇತಿಗೆ ಸೇರುವಾಗ ಇದ್ದ ಬೇಡಿಕೆ ಎರಡು ವರ್ಷದ ನಂತರ ಇರುತ್ತದೆಂಬ ಖಾತ್ರಿ ಯಾರೂ ಕೊಡಲಾರರು. ಕೆಲಸ ಕಡಿತವಾದಾಗ ಅನೇಕ ಕಂಪನಿಗಳಲ್ಲಿ ಕೊನೆಗೆ ಸೇರಿದವರೇ ಮೊದಲು ಹೊರಗೆ. ಗಟ್ಟಿಯಾಗಿ ನೆಲೆ ನಿಂತವರಿಗೆ ಮಾತ್ರ 65ರ ತನಕ ಒಳ್ಳೆಯ ಸಂಬಳದ, ಗೌರವದ ಬದುಕು.

ಹಾಗಾಗಿ ಲೆಕ್ಕವನ್ನು ಹೀಗೆ ಹಾಕಿ: ಲೈಸೆನ್ಸ್ ಕೈಗೆ ಬಂದು ಎರಡು ವರ್ಷ ಕೆಲಸ ಸಿಗದಿದ್ದರೂ ಕಂತು ಕಟ್ಟಬಲ್ಲಿರಾ? ಆಗುವುದಿಲ್ಲ ಎಂದಾದರೆ ದಯವಿಟ್ಟು ಮನೆ ಅಡವಿಡಬೇಡಿ. ಮಗಳು ಮೊದಲು ಒಂದು ಪದವಿ ಮುಗಿಸಲಿ, ಸ್ವಲ್ಪ ದುಡಿಯಲಿ, ಹಣ ಕೂಡಿದಂತೆ ಹಂತಹಂತವಾಗಿ ಹಾರಾಟ ಕಲಿಯಲಿ. ಇಪ್ಪತ್ತೈದು, ಇಪ್ಪತ್ತೆಂಟಕ್ಕೆ ಶುರು ಮಾಡಿದರೂ ತಡವಲ್ಲ. ಕಟ್ಟಬಲ್ಲಿರಾದರೆ ಧೈರ್ಯವಾಗಿ ಕಳಿಸಿ, ಆದರೆ ಶುಲ್ಕವನ್ನು ಹಾರಿದ ಗಂಟೆಗಳಿಗೆ ತಕ್ಕಂತೆ ಕಂತಿನಲ್ಲೇ ಕೊಡಿ. ಅರ್ಧದಲ್ಲಿ ಬಾಗಿಲು ಹಾಕಿದ ತರಬೇತಿ ಶಾಲೆಗಳು ಹಲವು ದೇಶಗಳಲ್ಲಿವೆ. ಪೂರ್ತಿ ಹಣ ಈಗಲೇ ಕಟ್ಟಿ ಎನ್ನುವವರನ್ನು ಬಿಟ್ಟು ಬೇರೆ ಶಾಲೆ ನೋಡಿ.