ತೋಟದ ಪಂಪು, ನೀರಿನ ಹೀಟರು ಮತ್ತು ಓಮ್‌ನ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಅಡಿಕೆ ತೋಟದ ಬಾವಿ ಮನೆಯ ಮೀಟರ್ ಬೋರ್ಡಿನಿಂದ ಸುಮಾರು 200 ಮೀಟರ್ ಕೆಳಗಿದೆ. ಅಲ್ಲಿಯವರೆಗೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದು, ಒಂದು ಅಶ್ವಶಕ್ತಿಯ ಸಿಂಗಲ್ ಫೇಸ್ ಪಂಪು ಓಡಿಸುತ್ತೇವೆ. ಪಂಪು ನಿಂತಿದ್ದಾಗ ಎರಡೂ ಕಡೆ ಒಂದೇ ವೋಲ್ಟೇಜು. ಓಡುವಾಗ ಬೋರ್ಡಿನಲ್ಲಿ 220, ಬಾವಿಯ ಬಳಿ 190, ಕರೆಂಟು 7 ಆಂಪಿಯರ್. 190ನ್ನು 7ರಿಂದ ಭಾಗಿಸಿದರೆ ಮೋಟಾರಿನ ರೋಧ 27 ಓಮ್ ಆಗಬೇಕು, ಆದರೆ ಮಲ್ಟಿಮೀಟರು 3 ಓಮ್ ಎನ್ನುತ್ತದೆ. ಯಾವುದು ಸರಿ? ಪಂಪು ಎಷ್ಟು ವ್ಯಾಟ್ ಎಳೆಯುತ್ತಿದೆ?
– ಶಿರಸಿ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಮೊದಲು ವೈರಿನ ಲೆಕ್ಕ ಮುಗಿಸೋಣ, ಏಕೆಂದರೆ ನಿಮ್ಮ ನಷ್ಟವಿರುವುದು ಅಲ್ಲಿ. ಕಾಣೆಯಾದ 30 ವೋಲ್ಟ್ ವೈರಿನ ಎರಡು ತುದಿಗಳ ನಡುವೆಯೇ ಬಿದ್ದುಹೋಗಿದೆ. ಪಂಪು ನಿಂತಾಗ ಪ್ರವಾಹವಿಲ್ಲದ ಕಾರಣ ಈ ಇಳಿತವೂ ಇರುವುದಿಲ್ಲ. ಕರೆಂಟು ಹೋಗಿ ಹಿಂದಿರುಗಬೇಕಾದ್ದರಿಂದ ಅದು ಹಾಯುವ ತಾಮ್ರ 200 ಮೀಟರಲ್ಲ, 400 ಮೀಟರ್. ಅಷ್ಟು ಉದ್ದದ ಒಂದೂವರೆ ಚದರ ಮಿಲಿಮೀಟರ್ ತಾಮ್ರಕ್ಕೆ ಸುಮಾರು 4.6 ಓಮ್ ರೋಧವಿರುತ್ತದೆ. ನಿಮ್ಮ ಅಳತೆಯಂತೆ 30ನ್ನು 7ರಿಂದ ಭಾಗಿಸಿದರೆ 4.3 ಬರುತ್ತದೆ. ಈ ಸಣ್ಣ ಅಂತರಕ್ಕೆ ಕಾರಣ ನಿಮ್ಮ ಮೀಟರಲ್ಲ, ಮೋಟಾರಿನ ಸ್ವಭಾವ. ಅದನ್ನು ಮುಂದೆ ನೋಡೋಣ.

ವೈರಿನಲ್ಲಿ ಶಾಖವಾಗಿ ಹೋಗುವ ಸಾಮರ್ಥ್ಯವನ್ನು ತಿಳಿಯಲು ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಬೇಕು: 7 × 7 × 4.6, ಅಂದರೆ ಸುಮಾರು 225 ವ್ಯಾಟ್. ದಿನಕ್ಕೆ ಆರು ತಾಸು ಪಂಪು ಓಡಿದರೆ 1.35 ಯೂನಿಟ್ ಬರೀ ವೈರು ಬೆಚ್ಚಗಾಗುವುದಕ್ಕೇ ಖರ್ಚು. ಅದೇ ದೂರಕ್ಕೆ ನಾಲ್ಕು ಚದರ ಮಿಲಿಮೀಟರಿನ ವೈರು ಹಾಕಿದರೆ ರೋಧ 1.7 ಓಮ್‌ಗೆ ಇಳಿದು, ನಷ್ಟವೂ 85 ವ್ಯಾಟಿನ ಆಸುಪಾಸಿಗೆ ಬರುತ್ತದೆ. ಪಂಪು ಬದಲಿಸುವ ಯೋಚನೆಯಿದ್ದರೆ ಅದಕ್ಕೂ ಮೊದಲು ವೈರು ಬದಲಿಸಿ ಎಂಬುದೇ ನನ್ನ ಸಲಹೆ. ನಷ್ಟ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದಲೇ ಕೈಗಾದಿಂದ ಘಟ್ಟ ಹತ್ತುವ ಲೈನುಗಳಲ್ಲಿ ಲಕ್ಷಗಟ್ಟಲೆ ವೋಲ್ಟ್ ಇಟ್ಟಿದ್ದಾರೆ: ವೋಲ್ಟೇಜು ದುಪ್ಪಟ್ಟಾದರೆ ಅಷ್ಟೇ ಸಾಮರ್ಥ್ಯಕ್ಕೆ ಅರ್ಧ ಕರೆಂಟು ಸಾಕು, ನಷ್ಟ ಕಾಲು ಭಾಗಕ್ಕಿಳಿಯುತ್ತದೆ.

ಇನ್ನು 27 ಮತ್ತು 3ರ ವಿಷಯ. ಎರಡೂ ಸರಿಯೇ, ಆದರೆ ಎರಡೂ ಒಂದೇ ವಸ್ತುವಿನ ಅಳತೆಯಲ್ಲ. ಮಲ್ಟಿಮೀಟರು ತನ್ನ ಬ್ಯಾಟರಿಯ ನೇರ ಪ್ರವಾಹದಿಂದ ತಂತಿಯ ರೋಧವನ್ನಷ್ಟೇ ಅಳೆಯುತ್ತದೆ. ಪರ್ಯಾಯ ಪ್ರವಾಹದಲ್ಲಿ ತಿರುಗುತ್ತಿರುವ ಮೋಟಾರಿನಲ್ಲಾದರೋ ಬದಲಾಗುವ ಕಾಂತಕ್ಷೇತ್ರವು ಸುರುಳಿಯಲ್ಲಿ ಎದುರು ವೋಲ್ಟೇಜನ್ನು ಹುಟ್ಟಿಸಿ, ಹೊರಗಿನಿಂದ ಬರುವ ವೋಲ್ಟೇಜಿನ ಬಹುಪಾಲನ್ನು ತಡೆದು ನಿಲ್ಲಿಸುತ್ತದೆ. ಈ ಎಲ್ಲ ಅಡ್ಡಿಗಳ ಒಟ್ಟು ಪರಿಣಾಮ ನಿಮ್ಮ 27 ಓಮ್. ಇದಕ್ಕೆ ಇಂಪಿಡೆನ್ಸ್ ಎನ್ನುತ್ತಾರೆ. ಕಸ ಸಿಕ್ಕಿಕೊಂಡು ಪಂಪು ತಿರುಗದೆ ನಿಂತರೆ ಈ ಅಡ್ಡಿ ಬಹಳಷ್ಟು ಕುಸಿದು, ಕರೆಂಟು ಹಲವು ಪಟ್ಟು ಏರಿ, ವೈಂಡಿಂಗು ಸುಟ್ಟುಹೋಗುತ್ತದೆ.

ಇದೇ ಕಾರಣಕ್ಕೆ 190 × 7 = 1330 ಎಂಬುದು ವ್ಯಾಟ್ ಅಲ್ಲ, ವೋಲ್ಟ್-ಆಂಪಿಯರ್. ಮೋಟಾರಿನಲ್ಲಿ ಕರೆಂಟು ವೋಲ್ಟೇಜಿಗಿಂತ ತುಸು ಹಿಂದೆ ಬೀಳುವುದರಿಂದ, ಈ ಗುಣಲಬ್ಧವನ್ನು ಪವರ್ ಫ್ಯಾಕ್ಟರಿನಿಂದ, ಅಂದರೆ ಅದರಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಎಂಬ ಸಂಖ್ಯೆಯಿಂದ, ಮತ್ತೊಮ್ಮೆ ಗುಣಿಸಬೇಕು. ಕೆಪಾಸಿಟರ್ ಜೋಡಿಸಿದ ನಿಮ್ಮಂಥ ಪಂಪಿಗೆ ಅದನ್ನು 0.9 ಎಂದು ಹಿಡಿದರೆ ಸುಮಾರು 1200 ವ್ಯಾಟ್ ಆಗುತ್ತದೆ. ವೈರಿನ ಲೆಕ್ಕದಲ್ಲಿ 4.6 ಮತ್ತು 4.3ರ ನಡುವೆ ಕಂಡ ಅಂತರವೂ ಇದರದ್ದೇ ಫಲ: ವೈರಿನ ಇಳಿತ ಕರೆಂಟಿನ ಜೊತೆಗೇ ಹಿಂದೆ ಬೀಳುವುದರಿಂದ, 220ರಲ್ಲಿ 190 ಕಳೆದರೆ ಆ ಇಳಿತ ಪೂರ್ತಿ ಸಿಗುವುದಿಲ್ಲ.

ಪರೀಕ್ಷಿಸಬೇಕೆಂದರೆ ಮನೆಯ ಉಳಿದೆಲ್ಲ ಸ್ವಿಚ್ ಆರಿಸಿ, ಪಂಪೊಂದನ್ನೇ ಓಡಿಸಿ, ಮೀಟರಿನ ಕೆಂಪು ದೀಪ ನಿಮಿಷಕ್ಕೆ ಎಷ್ಟು ಸಲ ಮಿನುಗುತ್ತದೆಂದು ಎಣಿಸಿ. ಮೀಟರಿನ ಮೇಲೆ ಯೂನಿಟ್ಟಿಗೆ 3200 ಎಂದು ಮುದ್ರಿಸಿದ್ದರೆ, ಪಂಪಿನ 1200 ಮತ್ತು ವೈರಿನ 225 ಸೇರಿ 1425 ವ್ಯಾಟಿಗೆ ನಿಮಿಷಕ್ಕೆ 76 ಮಿನುಗು ಬರಬೇಕು. ಅಂದ ಹಾಗೆ, ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರನ್ನು ಒಂದೇ ವೈರಿನ ಸುತ್ತ ಹಾಕಿ. ಎರಡನ್ನೂ ಒಟ್ಟಿಗೆ ಹಿಡಿದರೆ ಸೊನ್ನೆಯೇ ಕಾಣುತ್ತದೆ.

ಪ್ರಶ್ನೆ: ನಮ್ಮ ನೀರು ಕಾಯಿಸುವ ರಾಡಿನ ಮೇಲೆ 230 ವೋಲ್ಟ್, 1500 ವ್ಯಾಟ್ ಎಂದಿದೆ. ಸಂಜೆ ವೋಲ್ಟೇಜು 200ಕ್ಕೆ ಇಳಿಯುತ್ತದೆ. ಆಗ ಬಿಲ್ಲು ಹೆಚ್ಚು ಬರುತ್ತದೆಯೇ? ಪ್ಲಗ್ಗು ಕೈ ಸುಡುವಷ್ಟು ಬಿಸಿಯಾಗುವುದೇಕೆ?
– ಕಾರವಾರದ ಓದುಗರೊಬ್ಬರು

ಉತ್ತರ: ರಾಡಿನಲ್ಲಿ ಮೋಟಾರಿನ ತೊಡಕಿಲ್ಲ. ವೋಲ್ಟೇಜಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ಅದರ ರೋಧ 35.3 ಓಮ್ ಎಂದು ಸಿಗುತ್ತದೆ. ಅದು ಹೆಚ್ಚೇನೂ ಬದಲಾಗುವುದಿಲ್ಲ. 200 ವೋಲ್ಟಿನಲ್ಲಿ ಕರೆಂಟು 5.7 ಆಂಪಿಯರ್, ಸಾಮರ್ಥ್ಯ ಸುಮಾರು 1130 ವ್ಯಾಟ್. ಅದೇ ಬಕೆಟ್ ನೀರು ಕಾಯಲು ಮೂರನೇ ಒಂದು ಭಾಗದಷ್ಟು ಹೆಚ್ಚು ಹೊತ್ತು ಬೇಕಾಗುತ್ತದೆ, ಆದರೆ ಯೂನಿಟ್ ಹೆಚ್ಚುಕಡಿಮೆ ಅಷ್ಟೇ; ತಡವಾದಷ್ಟೂ ನೀರಿನ ಬಿಸಿ ಗಾಳಿಗೆ ಹೋಗುವುದರಿಂದ ಕೊಂಚ ಹೆಚ್ಚಾಗಬಹುದು.

ಪ್ಲಗ್ಗಿನ ವಿಷಯ ಮಾತ್ರ ಹಗುರವಾಗಿ ಬಿಡುವಂಥದ್ದಲ್ಲ. ಕಡಲ ತಡಿಯ ಉಪ್ಪುಗಾಳಿಗೆ ಪಿನ್ನು ಮತ್ತು ಸಾಕೆಟ್ಟಿನ ಲೋಹ ಬೇಗ ಕಿಲುಬು ಹಿಡಿಯುತ್ತದೆ. ಅಲ್ಲಿ ಅರ್ಧ ಓಮ್ ರೋಧ ಸೇರಿಕೊಂಡರೂ 5.7ರ ವರ್ಗದ ಅರ್ಧ, ಅಂದರೆ 16 ವ್ಯಾಟ್, ಉಗುರಿನಷ್ಟು ಜಾಗದಲ್ಲಿ ಶಾಖವಾಗುತ್ತದೆ. ವೋಲ್ಟೇಜಿನಲ್ಲಿ ಇದು ಮೂರು ವೋಲ್ಟಿಗೂ ಕಡಿಮೆ ಇಳಿತವಾದ್ದರಿಂದ ರಾಡು ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ, ಫ್ಯೂಸೂ ಹೋಗುವುದಿಲ್ಲ, ಸಾಕೆಟ್ಟು ಮಾತ್ರ ಒಳಗೊಳಗೇ ಕರಕಲಾಗುತ್ತದೆ. ಮೇನ್ ಸ್ವಿಚ್ ಆರಿಸಿ, ಸಾಕೆಟ್ಟನ್ನೂ ಪ್ಲಗ್ಗನ್ನೂ ಒಟ್ಟಿಗೆ ಬದಲಾಯಿಸಿ, 16 ಆಂಪಿಯರಿನದನ್ನೇ ಹಾಕಿಸಿ.

ಪ್ರಶ್ನೆ: 230 ವೋಲ್ಟಿನ 100 ವ್ಯಾಟ್ ಬಲ್ಬಿನ ರೋಧ ಲೆಕ್ಕದಲ್ಲಿ 529 ಓಮ್, ಮಲ್ಟಿಮೀಟರಿನಲ್ಲಿ ಸುಮಾರು 40 ಓಮ್. ಏಕೆ?
– ಕುಮಟಾದ ವಿದ್ಯಾರ್ಥಿನಿ

ಉತ್ತರ: ನೀವು ಅಳೆದದ್ದು ತಣ್ಣಗಿನ ಬಲ್ಬನ್ನು. ಉರಿಯುವಾಗ ಟಂಗ್‌ಸ್ಟನ್ ಎಳೆ ಎರಡು ಸಾವಿರ ಡಿಗ್ರಿಗೂ ಹೆಚ್ಚು ಕಾಯ್ದು, ಅದರ ರೋಧ ಹತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ. 529 ಆ ಸ್ಥಿತಿಯ ಬೆಲೆ. ಸ್ವಿಚ್ ಒತ್ತಿದ ಕ್ಷಣದಲ್ಲಿ ರೋಧ ಇನ್ನೂ 40 ಓಮ್ ಇರುವುದರಿಂದ ಐದಾರು ಆಂಪಿಯರ್ ಒಮ್ಮೆಲೇ ನುಗ್ಗುತ್ತದೆ. ಹಳೆಯ ಬಲ್ಬುಗಳು ಉರಿಯುತ್ತಿರುವಾಗ ಹೋಗುವುದಕ್ಕಿಂತ ಹೆಚ್ಚಾಗಿ ಹಚ್ಚಿದ ಕೂಡಲೇ ಪಟ್ಟೆಂದು ಹೋಗುವುದು ಇದರಿಂದಲೇ.